ಸಾಬೂನಿನ ಬ್ಯಾಟರಿ

"ಮಹಾನಂದಾ, ಬಾಗಿಲು ತೆಗೀರಿ. ಇದು ಆದೇಶ."

ಮಹಾನಂದಾ ಬಾಗಿಲಿನತ್ತ ನೋಡಲೂ ಇಲ್ಲ. ಚಿಲಕಕ್ಕೆ ಕಬ್ಬಿಣದ ಸಲಾಕೆ ಅಡ್ಡ ಕೊಟ್ಟಿದ್ದಳು. ಹಿಂದಿನ ಅಂಗಳದ ಪರ್ಸಿ ಹಾಸುಗಲ್ಲಿನ ಮೇಲೆ ಬೆಳಗಿನಿಂದ ಬಿಸಿಲಿಗೆ ಬಿದ್ದಿದ್ದ ಬ್ಯಾಟರಿಯನ್ನು ದಪ್ಪ ಕೈಗವಸಿನಲ್ಲಿ ಎತ್ತಿಕೊಂಡು ಬಂದು ಅಳತೆ ಹಿಡಿದಳು. ಎರಡು ಮಿಲಿಮೀಟರ್ ಊದಿಕೊಂಡಿತ್ತು. ಗೋಡೆಯ ಉಷ್ಣಮಾಪಕ ನಲವತ್ತಮೂರು ತೋರಿಸುತ್ತಿತ್ತು.

"ನಿಜವಾದ ಬ್ಯಾಟರಿ ಒಳಗೆ ಒಯ್ದಿದ್ದೀರಂತೆ. ಮತ್ತೆ ಛಾವಣಿಗೆ ಬೆಂಕಿ ಹತ್ತಿದ್ರೆ ಯಾರು ಹೊಣೆ?" ಬಾಗಿಲಾಚೆ ನಿರ್ದೇಶಕ ಡಾಕ್ಟರ್ ಅಪ್ರಮೇಯರ ದನಿ.

"ನಾನೇ ರೀ. ಎಲ್ಲಾದಕ್ಕೂ ನಾನೇ ಹೊಣಿ. ಬರ್ಕೊಳ್ರಿ."

ಡ್ರೋನಿನ ಹೊಟ್ಟೆಯೊಳಗೆ ಬ್ಯಾಟರಿ ಸುಲಭಕ್ಕೆ ಹೋಗಲಿಲ್ಲ. ಅಂಗೈಯಿಂದ ಗುದ್ದಿ ಕೂರಿಸಬೇಕಾಯಿತು. ಡ್ರೋನನ್ನು ತಗಡಿನ ಕವಚಕ್ಕೆ ಇಳಿಸಿ, ಕವಚವನ್ನು ತೋಪಿನ ಬಾಯಿಯೊಳಗೆ ತಳ್ಳಿದಳು. ಹನ್ನೆರಡು ಮೀಟರ್ ಉದ್ದದ ಕೊಳವೆ ಅದು, ಒತ್ತಿದ ಗಾಳಿಯಿಂದ ಹೊಡೆಯುತ್ತದೆ. ಕಾಗದದಲ್ಲಿ ಅದಕ್ಕೆ ಉದ್ದದ ಹೆಸರಿತ್ತು. ಕಲಬುರಗಿ ಕೋಟೆಯ ಮೇಲಿನ ಹಳೇ ತೋಪನ್ನು ನೋಡಿ ಬೆಳೆದವರೆಲ್ಲ ಇದನ್ನೂ ತೋಪು ಎಂದೇ ಕರೆಯುತ್ತಿದ್ದರು.

ತೋಪಿನೆದುರು, ಶೆಡ್ಡಿನ ಆ ತುದಿಯಲ್ಲಿ ಒಂದು ಹೆಲಿಕಾಪ್ಟರಿನ ಮೂತಿ ಮಾತ್ರ ಇತ್ತು. ಹೊಸ ಮುಂಗಾಜು. ಅದರ ಹಿಂದೆ ಪೈಲಟ್‌ನ ಸೀಟಿನಲ್ಲಿ ತೊಗರಿ ಹೊಟ್ಟು ತುಂಬಿದ ಗೋಣಿಚೀಲ. ಅದರ ಹಿಂದೆ, ಸ್ವಲ್ಪ ಎಡಕ್ಕೆ, ಇನ್ನೊಂದು ಚೀಲ. ಎರಡನೆಯದನ್ನು ಅವಳು ಅಳತೆ ಹಾಕಿ ಇಟ್ಟಿದ್ದಳು. ಮಾರ್ಚಿನ ಅವಘಡದಲ್ಲಿ ನರ್ಸ್ ಸಬಿಹಾ ಕೂತಿದ್ದ ಜಾಗ ಅದು.

ಗಾಳಿ ತುಂಬಿತು. ಮುಳ್ಳು ಕೆಂಪು ಗೆರೆ ಮುಟ್ಟಿತು.

"ಮಹಾನಂದಾ!"

ಅವಳು ಗುಂಡಿ ಒತ್ತಿದಳು.

ಸದ್ದು ಹೊರಗಿನ ಕಲ್ಲು ಖಣಿಯ ಗೋಡೆಗೆಲ್ಲ ಬಡಿದು ವಾಪಸು ಬಂತು. ಧೂಳು ಇಳಿಯುವ ಮೊದಲೇ ಹೊಗೆ ಕಾಣಿಸಿತು. ಗಾಜಿನ ನಡುವೆ ಊಟದ ತಟ್ಟೆಯಷ್ಟು ದೊಡ್ಡ ತೂತು. ಮುಂದಿನ ಚೀಲದ ಮೇಲ್ಭಾಗ ಗಾಜಿನ ಚೂರುಗಳಿಂದ ಚಿಂದಿಯಾಗಿತ್ತು. ಹಿಂದಿನ ಚೀಲದ ಎದೆಯೊಳಗೆ ಬ್ಯಾಟರಿ ಹೂತು ಕೂತು ಹೊಟ್ಟನ್ನು ಸುಡುತ್ತಿತ್ತು.

ಎರಡು ಬಕೆಟ್ ಮರಳು ಸುರಿದು ಬೆಂಕಿ ಆರಿಸಿದಳು. ಆಮೇಲೆ ಸಲಾಕೆ ತೆಗೆದಳು.

ಅಪ್ರಮೇಯ ಒಳಗೆ ಬಂದು ಗಾಜು ನೋಡಿದರು. ಮೈಸೂರಿನವರು, ಅರವತ್ತರ ಹತ್ತಿರದವರು, ಎಂದೂ ದನಿ ಏರಿಸದ ಮನುಷ್ಯ. ಈಗಲೂ ಏರಿಸಲಿಲ್ಲ.

"ಒಂದು ಹೊಡೆತ ವಿಜ್ಞಾನ ಅಲ್ಲಮ್ಮ."

"ಹಂಗಾರ ಆ ಮೂವತ್ತೆಂಟು ಹೊಡೆತ?"

"ಅವು ನಿಯಮದ ಪ್ರಕಾರ ಮಾಡಿದ್ದು."

"ಅವು ಸಾಬಾಣದಿಂದ ಮಾಡಿದ್ದು, ಸರ. ನಾನೇ ಅಚ್ಚಿಗೆ ಹಾಕಿ ಕೊಟ್ಟೀನಿ."

*

ಆ ಸಾಬೂನಿನ ಕಥೆ ಆರು ವರ್ಷ ಹಳೆಯದು.

ಆಗ ಡ್ರೋನುಗಳನ್ನು ಊರ ಮೇಲೆ ಬಿಡಬೇಕೋ ಬೇಡವೋ ಎಂಬ ತಕರಾರು ನಡೆದಿತ್ತು. ಹೆಲಿಕಾಪ್ಟರ್ ಆಂಬುಲೆನ್ಸ್ ಹಾರುವ ಎತ್ತರದಲ್ಲೇ ಅವೂ ಹಾರಬೇಕಿತ್ತು. ಹದ್ದು ಬಡಿದರೆ ಮುಂಗಾಜು ತಡೆದುಕೊಳ್ಳುತ್ತದೆ. ಹದ್ದಿನದು ಮಾಂಸ, ಪುಕ್ಕ, ಪೊಳ್ಳು ಎಲುಬು. ಅದು ಗಾಜಿನ ಮೇಲೆ ಹರಡಿಹೋಗುತ್ತದೆ. ಅಷ್ಟೇ ತೂಕದ ಡ್ರೋನು ಹರಡುವುದಿಲ್ಲ. ಅದರ ಮೋಟಾರು, ಬ್ಯಾಟರಿ ಒಂದೇ ಚುಕ್ಕೆಯ ಮೇಲೆ ಉಳಿಯಂತೆ ಬಡಿಯುತ್ತವೆ.

ಡ್ರೋನ್ ಕಂಪನಿಯವರು ಒಂದು ಉಪಾಯ ತಂದರು. ಡಿಕ್ಕಿ ತಪ್ಪುವುದಿಲ್ಲ ಎಂದು ಗೊತ್ತಾದ ಕ್ಷಣ, ಗಾಜು ಇನ್ನೂ ಎಂಟು ಮೀಟರ್ ದೂರ ಇರುವಾಗಲೇ, ಡ್ರೋನು ತನ್ನ ಮೊಳೆಗಳನ್ನು ತಾನೇ ಕಿತ್ತುಕೊಂಡು ಹನ್ನೊಂದು ತುಂಡಾಗುತ್ತದೆ. ಬ್ಯಾಟರಿ ಹೊಟ್ಟೆಯಿಂದ ಜಾರಿ, ಅದೂ ಆರು ಬಿಲ್ಲೆಗಳಾಗಿ ಬಿಡಿಬಿಡಿಯಾಗುತ್ತದೆ. ಯಾವ ತುಂಡೂ ಗುಬ್ಬಿಗಿಂತ ಬಹಳ ಭಾರ ಇರುವುದಿಲ್ಲ. ಗಾಜಿನ ಮೇಲೆ ಚುರುಮುರಿ ಎರಚಿದ ಹಾಗೆ.

ಪರೀಕ್ಷೆ ಮಾಡಲೆಂದು ಶಹಾಬಾದ್ ಕಡೆಯ ಒಂದು ಪಾಳುಬಿದ್ದ ಪರ್ಸಿ ಖಣಿಯಲ್ಲಿ ಈ ಕೇಂದ್ರ ಕಟ್ಟಿದರು. ಐಟಿಐ ಮುಗಿಸಿ ಲೇತ್ ಕೆಲಸ ಮಾಡುತ್ತಿದ್ದ ಮಹಾನಂದಾ ತೋಪಿಗೆ ಸೇರಿದಳು. ಎರಡನೆಯ ಹೊಡೆತಕ್ಕೇ ಬ್ಯಾಟರಿ ಸಿಡಿದು ಛಾವಣಿ ಅರ್ಧ ಸುಟ್ಟುಹೋಯಿತು. ಅಪ್ರಮೇಯ ಆವತ್ತು ಹೇಳಿದ್ದು ಇಷ್ಟೇ: "ಅದೇ ತೂಕದ, ಅದೇ ಗಾತ್ರದ, ಬೆಂಕಿ ಹತ್ತದ ಏನಾದ್ರೂ ಹುಡುಕಿ."

ಮೇಣ ಸೆಕೆಗೆ ಕರಗಿತು. ಜೇಡಿಮಣ್ಣು ಒಣಗಿ ಬಿರುಕುಬಿಟ್ಟಿತು. ಕೊನೆಗೆ ಒಂದು ಮಧ್ಯಾಹ್ನ ಮನೆಯ ಬಚ್ಚಲಲ್ಲಿ ಬಟ್ಟೆ ಒಗೆಯುತ್ತ ಕೂತಿದ್ದವಳಿಗೆ ಕೈಯಲ್ಲಿದ್ದ ಹಳದಿ ಸಾಬೂನೇ ಕಣ್ಣಿಗೆ ಬಿತ್ತು. ಅದನ್ನು ತುರಿದು, ಬಿಸಿ ಮಾಡಿ, ಲೇತಿನ ಕಬ್ಬಿಣದ ಪುಡಿ ಬೆರೆಸಿ, ಅಚ್ಚಿಗೆ ಹಾಕಿದಳು. ತೂಕ ಗ್ರಾಮಿಗೂ ಹೆಚ್ಚುಕಡಿಮೆ ಬರಲಿಲ್ಲ. ಅಪ್ರಮೇಯ ಎಲ್ಲರೆದುರು ಚಪ್ಪಾಳೆ ತಟ್ಟಿದರು. ಅವಳ ಕೈಬರಹದ ವಿಧಾನ ಅಚ್ಚಾಗಿ ನಿಯಮ ಪುಸ್ತಕದ ಕೊನೆಗೆ ಸೇರಿತು. ಅನುಬಂಧ ನಾಲ್ಕು: ಸಮತೂಕದ ಬದಲಿ ಬ್ಯಾಟರಿ.

ಸಾಬೂನು ಜಾರುತ್ತದೆ. ಮೊಳೆ ಕಿತ್ತ ಕೂಡಲೇ ಅದು ಡ್ರೋನಿನ ಹೊಟ್ಟೆಯಿಂದ ನುಣ್ಣಗೆ ಹೊರಬರುತ್ತಿತ್ತು, ಗಾಜಿಗೆ ತಾಗಿ ಪುಡಿಯಾಗುತ್ತಿತ್ತು. ಮೂವತ್ತೆಂಟು ಹೊಡೆತ, ಮೂವತ್ತೆಂಟು ಉತ್ತೀರ್ಣ. ಅದು ಬ್ಯಾಟರಿಯ ಗುಣವೋ, ಸಾಬೂನಿನ ಗುಣವೋ ಎಂದು ಯಾರೂ ಕೇಳಲಿಲ್ಲ. ಅವಳೂ ಕೇಳಲಿಲ್ಲ. ಚಪ್ಪಾಳೆ ಇನ್ನೂ ಕಿವಿಯಲ್ಲಿತ್ತು.

ಡ್ರೋನು ಬಂದವು. ಜನ ಅವಕ್ಕೆ ಹಾರೋ ಡಬ್ಬಿ ಎಂದರು. ರಕ್ತದ ಮಾದರಿ, ಹಾವಿನ ಮದ್ದು, ಕೋರ್ಟಿನ ಕಾಗದ, ಮರೆತು ಬಂದ ಬುತ್ತಿ, ಎಲ್ಲ ಡಬ್ಬಿಯಲ್ಲೇ. ಮಾಳಿಗೆಯ ಮೇಲೆ ಸುಣ್ಣದಿಂದ ವೃತ್ತ ಬರೆದರೆ ಅಲ್ಲಿ ಇಳಿಯುತ್ತಿದ್ದವು. ಹಪ್ಪಳ ಒಣಗಿಸುವ ಹೆಂಗಸರು ವೃತ್ತ ಬಿಟ್ಟು ಸುತ್ತ ಹಾಸುವುದನ್ನು ಕಲಿತರು. ಹೆಲಿಕಾಪ್ಟರ್ ಪೈಲಟ್‌ಗಳಿಗೆ ಹೊಸ ಪಾಠ ಬಂತು. ಒಂಬತ್ತನೇ ನಿಯಮ: ಎದುರಿಗೆ ಡ್ರೋನ್ ಕಂಡರೆ ದಿಕ್ಕು ಬದಲಿಸಬೇಡಿ. ನೇರ ಹಾರಿ. ನೀವು ತಿರುಗಿದರೆ ಅದರ ಲೆಕ್ಕ ತಪ್ಪುತ್ತದೆ. ನೇರ ಹಾರಿದರೆ ಅದು ತಾನೇ ಚೂರಾಗುತ್ತದೆ.

ಈ ಮಾರ್ಚ್ ಇಪ್ಪತ್ತೊಂಬತ್ತರಂದು ಚಿಂಚೋಳಿಯಿಂದ ಬಸುರಿಯೊಬ್ಬಳನ್ನು ತರುತ್ತಿದ್ದ ಕ್ಯಾಪ್ಟನ್ ಜಯವಂತ ನೇರ ಹಾರಿದ.

ಚೂರಾಗಲಿಲ್ಲ. ಬಿಸಿಲಿಗೆ ಊದಿದ ಬ್ಯಾಟರಿ ಡ್ರೋನಿನ ಹೊಟ್ಟೆಯಲ್ಲಿ ಕಚ್ಚಿಕೊಂಡಿತ್ತು. ಡ್ರೋನಿನ ಬೆನ್ನೆಲುಬಿನ ಕಬ್ಬಿಣ, ಬ್ಯಾಟರಿ, ಎರಡೂ ಒಂದೇ ಗಡ್ಡೆಯಾಗಿ ಗಾಜು ತೂರಿದವು. ಸಬಿಹಾ ಕೂತಲ್ಲೇ ಸತ್ತಳು. ಜಯವಂತನ ಕಣ್ಣು ಹೋದವು.

ವಿಚಾರಣಾ ಸಮಿತಿಯ ಕರಡು ವರದಿಯಲ್ಲಿ ಒಂದು ಸಾಲಿತ್ತು. "ಪೈಲಟ್ ಸಮಯಪ್ರಜ್ಞೆ ತೋರಿ ದಿಕ್ಕು ಬದಲಿಸಿದ್ದರೆ ಅವಘಡ ತಪ್ಪುತ್ತಿತ್ತು." ಕೊನೆಯ ವಿಚಾರಣೆ ಸೋಮವಾರ. ಅದಾದ ಮೇಲೆ ಆ ಸಾಲು ಖಾಯಂ.

ಮಹಾನಂದಾ ತೋಪು ಹೊಡೆದದ್ದು ಶುಕ್ರವಾರ.

*

ಶನಿವಾರ ಬೆಳಿಗ್ಗೆ ಅವಳು ಹಾರಾಟ ನಿಯಂತ್ರಣ ಕೋಣೆಗೆ ಹೋದಳು. ತೋಪಿನ ಕ್ಯಾಮೆರಾ ಹಿಡಿದ ಹೊಡೆತದ ಚಿತ್ರ ಇದ್ದ ಮೆಮೊರಿ ಕಾರ್ಡು ಅವಳ ಪರ್ಸಿನಲ್ಲಿತ್ತು. ಪಾಳಿಯ ಅಧಿಕಾರಿ ಅವಳಿಗಿಂತ ಚಿಕ್ಕವನು. ಎದುರಿಗೆ ಗೋಡೆಯಗಲದ ಪರದೆ. ಜಿಲ್ಲೆಯ ತುಂಬ ಹಸಿರು ಚುಕ್ಕೆಗಳು ಹರಿದಾಡುತ್ತಿದ್ದವು. ಸೇಡಂ ಕಡೆಗೆ ಒಂದೇ ಒಂದು ಹಳದಿ ಚುಕ್ಕೆ.

"ಹಳದಿ ಯಾವುದು?"

"ಹೆಲಿಕಾಪ್ಟರ್, ಅಕ್ಕೋರ."

"ಅದರ ಎದುರಿಗೆ ಹಸಿರು ಬಂದ್ರ?"

"ಹಸಿರು ತಪ್ಪಿಸ್ಕೋತದ. ತಪ್ಪಿಸ್ಕೊಳ್ಳಾಕ ಆಗಲಿಲ್ಲ ಅಂದ್ರ ಚೂರಾಗ್ತದ. ನಮ್ಮ ಕೈಯಾಗ ಏನೂ ಇಲ್ಲ."

ಅವಳು ಚಿತ್ರ ತೋರಿಸಿದಳು. ಗಾಜಿನ ತೂತು, ಸುಡುವ ಚೀಲ. ಅವನು ಎರಡು ಸಲ ನೋಡಿದ.

"ನಲವತ್ತು ಡಿಗ್ರಿ ದಾಟಿದ ದಿನ ಡಬ್ಬಿ ಎಲ್ಲ ಕೆಳಗ ಇಳಸ್ರಿ. ಮಳಿ ಬರೋತನಕ ಅಷ್ಟೇ," ಎಂದಳು.

"ನಂಗ ಅಧಿಕಾರ ಇಲ್ರೀ."

"ಗುಂಡಿ ಅದ ಇಲ್ಲ?"

ಗುಂಡಿ ಇತ್ತು. ಅವನ ಮೊಣಕೈ ಪಕ್ಕದಲ್ಲೇ, ಗಾಜಿನ ಮುಚ್ಚಳದ ಕೆಳಗೆ. ಅವನು ಅದರ ಕಡೆ ನೋಡಲಿಲ್ಲ, ಪರದೆಯ ಒಂದು ಚುಕ್ಕೆಗೆ ಬೆರಳು ತೋರಿಸಿದ.

"ಇದು ನೋಡ್ರಿ. ಆಳಂದಕ್ಕ ಹೊಂಟದ. ನಮ್ಮವ್ವನ ಇನ್ಸುಲಿನ್. ಬಸ್ಸಿಗೆ ಕೊಟ್ರ ಬಿಸಿಲಿಗೆ ಕೆಡ್ತದ. ಈಗ ಗುಂಡಿ ಒತ್ತಿದ್ರ ಅದೂ ಇಳೀತದ. ಯಾರದೋ ಹೊಲದಾಗ."

ಅವಳಿಗೆ ಅವನ ಕೆನ್ನೆಗೆ ಹೊಡೆಯಬೇಕೆನಿಸಿತು. ಹೊಡೆಯಲು ಕಾರಣವೇ ಸಿಗಲಿಲ್ಲ. ಅದರಿಂದ ಸಿಟ್ಟು ಇನ್ನಷ್ಟು ಏರಿತು.

"ಆ ಹಳದಿ ಚುಕ್ಕಿಯಾಗ ಎಷ್ಟು ಮಂದಿ ಇದ್ದಾರ, ಅದನ್ನಾದರೂ ನಿನ್ನ ಪರದೆ ಹೇಳ್ತದ ಏನು?"

"ಇಲ್ರೀ. ಅದರಾಗ ಅಷ್ಟು ಜಾಗ ಇಲ್ಲ."

*

ಜಯವಂತನ ಮನೆ ನಗರದ ಹೊರಗಿನ ಒಂದು ಹೊಸ ಬಡಾವಣೆಯಲ್ಲಿತ್ತು. ಹಜಾರದ ಗೋಡೆಗೆ ಶಿಲುಬೆ, ಅದರ ಕೆಳಗೆ ಹಾರಾಟದ ಪ್ರಮಾಣಪತ್ರಗಳು. ಅವನ ಹೆಂಡತಿ ಮಾರ್ಥಾ ಶಾಲೆಯ ಟೀಚರು. ಅಂಗಳದ ನಲ್ಲಿಯ ಬಳಿ ಬಟ್ಟೆ ಒಗೆಯುತ್ತಿದ್ದಳು. ಎದ್ದು ಸೀರೆಯ ಸೆರಗಿಗೆ ಕೈ ಒರೆಸಿಕೊಂಡಳು.

"ಬರ್ರಿ. ಯಾರ ಕಡೆಯವರು? ಕಂಪನಿಯವರಾದ್ರ ಅವರು ಮಾತಾಡಂಗಿಲ್ಲ."

"ತೋಪಿನ ಮಹಾನಂದಾ ಅಂತ ಹೇಳ್ರಿ, ಅಕ್ಕೋರ."

ಒಳಗಿನಿಂದ ಜಯವಂತ ನಕ್ಕ ಸದ್ದು ಕೇಳಿಸಿತು. "ಬಾ ತಂಗಿ! ನನ್ನ ಮ್ಯಾಲೆ ತೋಪು ಹೊಡೆದ ಹೆಣ್ಣುಮಗಳು ನೀನೊಬ್ಬಾಕಿನೇ. ಮಾರ್ಥಾ ಸುದ್ದಾ ಇಲ್ಲೀತನಕ ಲಟ್ಟಣಿಗಿಗೇ ನಿಂತಾಳ."

"ಇನ್ನೂ ಟೈಮ್ ಅದ," ಎಂದಳು ಮಾರ್ಥಾ, ನಗದೆ.

ಅವನು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ. ಎರಡು ಕೈಯೂ ಮುಂದೆ, ಇಲ್ಲದ ಹಿಡಿಕೆಯೊಂದನ್ನು ಹಿಡಿದ ಹಾಗೆ. ಕಪ್ಪು ಕನ್ನಡಕದ ಕೆಳಗೆ ಕೆನ್ನೆಯ ತುಂಬ ಸಣ್ಣ ಸಣ್ಣ ಗಾಯದ ಗುರುತು.

ತೋಪು ಹೊಡೆದದ್ದು ನಿಜವೇ. ಡ್ರೋನುಗಳಿಗೆ ಪರವಾನಗಿ ಕೊಟ್ಟ ದಿನ ಖಣಿಯಲ್ಲಿ ಶಾಮಿಯಾನ ಹಾಕಿದ್ದರು. ಮಂತ್ರಿಗಳು ಬಂದಿದ್ದರು. ಜನ ನಂಬಬೇಕಾದರೆ ಗಾಜಿನ ಹಿಂದೆ ಗೋಣಿಚೀಲದ ಬದಲು ಪೈಲಟ್ ಒಬ್ಬ ಕೂರಬೇಕು ಎಂದು ಯಾರಿಗೋ ಹೊಳೆಯಿತು. ಜಯವಂತ ಕೈ ಎತ್ತಿದ್ದ. ಮಹಾನಂದಾ ಗುಂಡಿ ಒತ್ತಿದ್ದಳು. ಡ್ರೋನು ಅವನ ಮುಖದ ಎದುರಿಗೆ ಚುರುಮುರಿಯಾಗಿ ಉದುರಿತ್ತು. ಅವನು ಹೆಬ್ಬೆರಳು ಎತ್ತಿದ ಚಿತ್ರ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು.

"ಹೆಂಗ ಇಳಿಸಿದ್ರಿ ಸರ, ಆವತ್ತು?" ಕೇಳಬೇಕೆಂದು ಬಂದದ್ದು ಅದಲ್ಲ. ಹೇಳಬೇಕಾದ್ದು ಬಾಯಿಗೆ ಬರುತ್ತಿರಲಿಲ್ಲ.

"ನಾ ಎಲ್ಲಿ ಇಳಿಸಿದೆ? ಹೆಲಿಕಾಪ್ಟರ್ ತಾನೇ ನಿಂತ ಜಾಗದಾಗ ನಿಲ್ತದ, ಅಷ್ಟು ಮಾಡಿಟ್ಟಾರ. ಕೆಳಗ ಎಷ್ಟು ಅದ ಅಂತ ಯಾರರೆ ಹೇಳಬೇಕು. ಹಿಂದ ಆ ಬಸುರಿ ಹೆಣ್ಣುಮಗಳ ಗಂಡ ಇದ್ದ, ಮಲ್ಲೇಶಿ. ಖಣಿ ಕೆಲಸದವ. ಎಷ್ಟು ಮೀಟರ್ ಅದ ಹೇಳು ಅಂದೆ. ಮೀಟರ್ ತಿಳ್ಯಂಗಿಲ್ರೀ ಅಂದ. ಹಂಗಾರ ನಿಂಗ ತಿಳಿಯೂದರಾಗ ಹೇಳಪ್ಪ ಅಂದೆ. 'ಹತ್ತಾಳು ಅದ್ರಿ. ಎಂಟಾಳು. ಐದಾಳು. ಎಡಕ ಬೇಲಿ ಅದ್ರಿ, ಬಲಕ್ಕ ಸರೀರಿ. ಎರಡಾಳು. ಒಂದಾಳು. ಎದಿಮಟ. ಮೊಣಕಾಲ.' ಅಷ್ಟರಾಗ ನೆಲ ಸಿಕ್ತು." ಅವನು ಮುಂದೆ ಹಿಡಿದ ಕೈ ತೊಡೆಗೆ ಇಳಿಸಿದ. "ಸಬಿಹಾ ಏನೂ ಹೇಳವಲ್ಲಳಲ್ಲ ಅಂತ ನಾ ಆಕೀಗೆ ಬೈಲಕತ್ತಿದ್ದೆ, ತಂಗಿ. ಇಳಿಯೋತನಕ ಬೈದೆ. ಮಲ್ಲೇಶಿ ಹೇಳಲಿಲ್ಲ. ಹೇಳಿದ್ರ ನನ್ನ ಕೈ ನಡಗ್ತಾವ ಅಂತ ಅಂವಗ ತಿಳಿದಿತ್ತು."

ಮಾರ್ಥಾ ಚಹಾ ತಂದಿಟ್ಟಳು. ಮಹಾನಂದಾ ಕುಡಿಯಲಿಲ್ಲ. ಚೀಲಕ್ಕೆ ಕೈ ಹಾಕಿ ಒಂದು ಹಳದಿ ಇಟ್ಟಿಗೆಯಂಥದ್ದನ್ನು ತೆಗೆದು ಅವನ ಅಂಗೈಯಲ್ಲಿಟ್ಟಳು.

"ಏನಿದು?"

"ಬ್ಯಾಟರಿ."

ಅವನು ತೂಗಿ ನೋಡಿದ. ಬೆರಳಾಡಿಸಿದ. ಮೂಗಿನ ಹತ್ತಿರ ತಂದ. ಕೈ ಅಲ್ಲೇ ನಿಂತುಬಿಟ್ಟಿತು.

ಮಾರ್ಥಾ ಬಗ್ಗಿ ನೋಡಿದಳು. "ಇದೇನ್ರಿ! ಬಟ್ಟಿ ಒಗಿಯೋ ಸಾಬಾಣ. ನಾನೂ ಇದರಾಗೇ ಒಗೀತೀನಿ."

"ಆವತ್ತು..." ಜಯವಂತನ ದನಿ ತೀರ ಕೆಳಗಿಳಿದಿತ್ತು. "ಆವತ್ತು ಶಾಮಿಯಾನದಾಗ, ಡಬ್ಬಿ ಒಡೆದ ಕೂಡಲೇ ಇದೇ ವಾಸನಿ ಬಂತು. ಒಗೆದ ಅರಿಬಿ ವಾಸನಿ. ನಿಮ್ಮ ಸಾಹೇಬರಿಗೆ ಕೇಳಿದೆ. 'ನೀವು ಕೂತ್ಕೋತೀರ ಅಂತ ಗಾಜು ತೊಳೆಸಿದ್ವಿ ಕ್ಯಾಪ್ಟನ್' ಅಂದ್ರು. ಎಲ್ಲಾರೂ ನಕ್ಕರು. ನಾನೂ ನಕ್ಕೆ." ಸಾಬೂನನ್ನು ಬಿಗಿಯಾಗಿ ಹಿಡಿದ. ಅದು ಅವನ ಕೈಯಿಂದ ಜಾರಿ ಕೆಳಗೆ ಬಿತ್ತು. "ಮಾರ್ಚಿನಾಗ ಈ ವಾಸನಿ ಬರಲಿಲ್ಲ. ಕಾದ ಹಂಚಿನ ವಾಸನಿ ಬಂತು."

ಮಹಾನಂದಾ ಎಲ್ಲವನ್ನೂ ಹೇಳಿದಳು. ಬಚ್ಚಲು, ಕಬ್ಬಿಣದ ಪುಡಿ, ಚಪ್ಪಾಳೆ, ಅನುಬಂಧ ನಾಲ್ಕು, ಶುಕ್ರವಾರದ ಹೊಡೆತ. ಅಳಲಿಲ್ಲ. ಅತ್ತರೆ ಅವರು ಸಮಾಧಾನ ಹೇಳಬೇಕಾಗುತ್ತದೆ. ಅವರಿಂದ ಅದನ್ನೂ ಕಿತ್ತುಕೊಳ್ಳಲು ಅವಳಿಗೆ ಮನಸ್ಸಿರಲಿಲ್ಲ.

ಮಾರ್ಥಾ ಕೆಳಗೆ ಬಿದ್ದ ಸಾಬೂನು ಎತ್ತಿಕೊಂಡಳು. ಅಂಗಳಕ್ಕೆ ಹೋಗಿ ನಲ್ಲಿಯ ಬಳಿಯಿದ್ದ ತನ್ನ ಸಾಬೂನನ್ನೂ ಎತ್ತಿಕೊಂಡು ಎರಡನ್ನೂ ಹಿತ್ತಿಲ ಗೋಡೆಯಾಚೆ ಎಸೆದಳು. ವಾಪಸು ಬಂದು ಬಾಗಿಲಲ್ಲಿ ನಿಂತಳು.

"ನೇರ ಹಾರ್ರಿ ಅಂತ ಬರೆದವರು ಅವರೇ. ಯಾಕ ತಿರುಗಲಿಲ್ಲ ಅಂತ ಕೇಳೋರೂ ಅವರೇ. ಆರು ವಾರದಿಂದ ಈ ಮನುಷ್ಯ ಕುರ್ಚಿ ಮ್ಯಾಲೆ ಕೂತು 'ನಾ ತಿರುಗಬೇಕಿತ್ತೇನು, ತಿರುಗಬೇಕಿತ್ತೇನು' ಅಂತ ಕೇಳಿ ಕೇಳಿ ನನ್ನ ತಲಿ ಚಿಟ್ಟ ಹಿಡಿಸ್ಯಾರ. ಈಗ ಹೇಳ್ರಿ ಇವರಿಗೆ, ನೀವೇ ಹೇಳ್ರಿ."

"ತಿರುಗಬೇಕಿರಲಿಲ್ಲ ಸರ," ಎಂದಳು ಮಹಾನಂದಾ. "ನಿಮ್ಮ ತಪ್ಪಿಲ್ಲ."

ಜಯವಂತ ಕನ್ನಡಕ ತೆಗೆದು ಕೈಬೆರಳಿಂದ ರೆಪ್ಪೆ ಉಜ್ಜಿಕೊಂಡ.

"ಸೋಮವಾರ ಇದನ್ನೇ ಅಲ್ಲಿ ಹೇಳ್ತಿ?"

"ಹೇಳ್ತೀನಿ."

*

ಭಾನುವಾರ ಬೆಳಿಗ್ಗೆ ಅಪ್ರಮೇಯ ಅವಳನ್ನು ಕೇಂದ್ರಕ್ಕೆ ಕರೆಸಿದರು. ರಜೆಯ ದಿನ, ಖಣಿ ಖಾಲಿ. ತೂತು ಬಿದ್ದ ಗಾಜು ಇದ್ದಲ್ಲೇ ಇತ್ತು. ಯಾರೂ ಮುಟ್ಟಿರಲಿಲ್ಲ. ಮುಟ್ಟುವ ಅಗತ್ಯವೇ ಅವರಿಗೆ ಕಂಡಿರಲಿಲ್ಲ.

ಅವರು ಮೇಜಿನ ಮೇಲೆ ನಿಯಮ ಪುಸ್ತಕ ತೆರೆದಿಟ್ಟರು.

"ಓದಿ."

ಅವಳು ಓದಿದಳು. ಅನುಬಂಧ ನಾಲ್ಕಕ್ಕೆ ಹೊಂದದ ಬ್ಯಾಟರಿ ಬಳಸಿ ಮಾಡಿದ ಪರೀಕ್ಷೆಯನ್ನು ಪರೀಕ್ಷೆಯೆಂದು ಪರಿಗಣಿಸತಕ್ಕದ್ದಲ್ಲ.

"ಅಂದ್ರ?"

"ನಿಮ್ಮ ಸೋಪೇ ಬ್ಯಾಟರಿ ಅಂತ ಅರ್ಥ. ಎಂಟು ರಾಜ್ಯದ ಕೇಂದ್ರಗಳು ನಿಮ್ಮ ಅಚ್ಚನ್ನೇ ಬಳಸ್ತಿವೆ. ಶುಕ್ರವಾರ ನೀವು ಹಾಕಿದ್ದು ಬ್ಯಾಟರಿ ಅಲ್ಲ. ನಿಯಮದ ಕಣ್ಣಲ್ಲಿ ಅದು ಏನೂ ಅಲ್ಲ. ಸಮಿತಿಯವರು ಆ ಚಿತ್ರ ನೋಡೋದೇ ಇಲ್ಲಮ್ಮ."

"ಆಕಾಶದಾಗ ಹಾರೋದು ಯಾವುದು ಸರ? ಸಾಬಾಣ ಹಾರ್ತದ?"

ಅವರು ಕಿಟಕಿಯಿಂದ ಖಣಿಯ ಕಡೆ ನೋಡಿದರು.

"ನಿಮಗೆ ಗೊತ್ತಿತ್ತು," ಎಂದಳು.

"ಅನುಮಾನ ಇತ್ತು. ಮೂರನೇ ವರ್ಷ ಒಂದು ಪತ್ರ ಬರೆದೆ. ಉತ್ತರ ಬರಲಿಲ್ಲ."

"ಎರಡನೇ ಪತ್ರ?"

ಅವರು ಕಡತವೊಂದನ್ನು ಅವಳ ಕಡೆ ಸರಿಸಿದರು. "ಸಿಟ್ಟು ಮಾಡ್ಕೋಬೇಡಿ. ಕ್ಯಾಪ್ಟನ್‌ಗೆ ಒಳ್ಳೇದಾಗೋ ದಾರಿ ಇದೊಂದೇ. ಕಂಪನಿಯವರು ಒಪ್ಪಿದ್ದಾರೆ. ಸಂಜೆ ಅವರ ಮನೆಗೆ ಹೋಗೋಣ. ನಿಮ್ಮ ಸಹಿಯೂ ಬೇಕು."

*

ಸಂಜೆ ಐದೂವರೆಗೂ ಬಿಸಿಲು ಇಳಿದಿರಲಿಲ್ಲ. ಹಜಾರದಲ್ಲಿ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿತ್ತು. ಅಪ್ರಮೇಯ ಕುರ್ಚಿಯ ತುದಿಯಲ್ಲಿ ಕೂತರು. ಜಯವಂತ ಅದೇ ಭಂಗಿಯಲ್ಲಿ, ಕೈ ಮುಂದಿಟ್ಟುಕೊಂಡು. ಮಾರ್ಥಾ ಈ ಸಲ ಚಹಾ ಮಾಡಲಿಲ್ಲ.

"ಕ್ಯಾಪ್ಟನ್, ಮೂರು ವಿಷಯ," ಎಂದರು ಅಪ್ರಮೇಯ. "ವರದಿಯಿಂದ ಆ ಸಾಲು ತೆಗೀತಾರೆ. 'ಯಾರ ತಪ್ಪೂ ಅಲ್ಲ' ಅಂತ ಬರೀತಾರೆ. ಎರಡನೇದು, ಕಣ್ಣು. ಕೃತಕ ನೋಟದ ಚಿಪ್‌ಗೆ ಸರತಿಯಲ್ಲಿ ನಿಮ್ಮ ಹೆಸರು ಒಂಬತ್ತು ವರ್ಷ ಹಿಂದಿದೆ. ಕಂಪನಿ ಹೇಳಿದ್ರೆ ಮುಂದಿನ ತಿಂಗಳೇ. ಪೂರ್ತಿ ಬಣ್ಣ ಬರಲ್ಲ. ಆದ್ರೆ ಮುಖ ಕಾಣುತ್ತೆ, ಓದಬಹುದು."

"ಮೂರನೇದು?"

"ಹೊಸ ಮಾದರಿಯ ಡ್ರೋನ್ ಬರ್ತಿದೆ. ಜನ ಹೆದರಿದ್ದಾರೆ. ಪೈಲಟ್‌ಗಳೂ ಹೆದರಿದ್ದಾರೆ. ನೀವು ಇನ್ನೊಂದು ಸಲ ಗಾಜಿನ ಹಿಂದೆ ಕೂತ್ರೆ... ಹತ್ತು ನಿಮಿಷ ಅಷ್ಟೆ. ಕಣ್ಣು ಕಳ್ಕೊಂಡವರು ನೀವೇ ಬಂದು ಕೂತ್ರೆ ಎಲ್ಲರೂ ನಂಬ್ತಾರೆ. ಮಹಾನಂದಾ ಅವರೇ ಹೊಡೀತಾರೆ. ಶುಕ್ರವಾರದ ಪ್ರಯೋಗ ನಿಯಮಕ್ಕೆ ಹೊರತಾಗಿತ್ತು ಅಂತ ಅವರೊಂದು ಸಹಿ ಹಾಕಬೇಕು."

ಮಹಾನಂದಾ ಗೋಡೆಯ ಮೇಲಿನ ಪ್ರಮಾಣಪತ್ರಗಳನ್ನು ನೋಡಿದಳು. ಆಮೇಲೆ ಮಾರ್ಥಾಳ ಮುಖ ನೋಡಿದಳು. ಆ ಮುಖ ಕಾಣಬೇಕಾದವನು ಆರು ವಾರದಿಂದ ಕಂಡಿರಲಿಲ್ಲ. ಅವನ ಕಣ್ಣು ಹೋದದ್ದು ತನ್ನ ಬಚ್ಚಲಿನಿಂದ. ಅವು ವಾಪಸು ಬರುವುದಾದರೆ ತನ್ನ ಹೆಸರಿಗೇನು ಬೆಲೆ? ಸತ್ಯಕ್ಕಾದರೂ ಏನು?

"ಎಲ್ಲಿ ಹಾಕಬೇಕ್ರಿ?" ಎಂದಳು.

ಅಪ್ರಮೇಯ ಹಾಳೆ ತಿರುವಿ ಪೆನ್ನು ಕೊಟ್ಟರು. ಅವಳು ಟೊಪ್ಪಿಗೆ ತೆಗೆದಳು. ಆ ಸಣ್ಣ ಸದ್ದು ಜಯವಂತನಿಗೆ ಕೇಳಿಸಿತು.

"ತಂಗಿ, ಪೆನ್ನು ಕೆಳಗ ಇಡು."

"ಕಣ್ಣು ಬರ್ತಾವ ಸರ."

"ನನ್ನ ಕಣ್ಣಿಗೆ ನೀ ಯಾಕ ಸಹಿ ಹಾಕ್ತಿ? ಇಡು." ಪೆನ್ನು ಕೆಳಗಿಟ್ಟ ಸದ್ದು ಕೇಳಿದ ಮೇಲೆ ಅವನು ಅಪ್ರಮೇಯರ ದನಿ ಬಂದ ಕಡೆ ತಿರುಗಿದ. "ಸಾಹೇಬ್ರ, ಹೊಸ ಡಬ್ಬಿ ಬಿಸಿಲಿಗೆ ಊದಂಗಿಲ್ಲೇನು?"

"ತುಂಬಾ ಸುಧಾರಿಸಿದ್ದಾರೆ."

"ಬ್ಯಾಟರಿ ಹಾಕಿ ಹೊಡೆದು ನೋಡೀರಿ?"

"ಪರೀಕ್ಷೆಗಳೆಲ್ಲ ಅನುಬಂಧ ನಾಲ್ಕರ ಪ್ರಕಾರ..."

"ಸಾಬಾಣ," ಎಂದಳು ಮಾರ್ಥಾ.

ಫ್ಯಾನು ಕಿರುಗುಟ್ಟಿತು.

"ಆಯ್ತು," ಎಂದ ಜಯವಂತ. "ನಾ ಕೂಡ್ತೀನಿ. ಒಂದೇ ಮಾತು. ಹನ್ನೆರಡು ಗಂಟೆಗೆ, ಬಿಸಿಲಾಗ ಕಾಯಿಸಿದ ಬ್ಯಾಟರಿ ಹಾಕ್ರಿ. ಮತ್ತ ನನ್ನ ಹಿಂದ, ಸ್ವಲ್ಪ ಎಡಕ, ಸಬಿಹಾ ಕೂಡ್ತಿದ್ದ ಜಾಗದಾಗ ನೀವು ಕೂಡ್ರಿ."

ಅಪ್ರಮೇಯ ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡರು. ಒರೆಸಿ ಮುಗಿದ ಮೇಲೂ ಒರೆಸುತ್ತಿದ್ದರು.

"ಅದಕ್ಕೆ... ನಿಯಮದಲ್ಲಿ ಅವಕಾಶ ಇಲ್ಲ ಕ್ಯಾಪ್ಟನ್."

ಆಗ ಮಾಳಿಗೆಯ ಮೇಲೆ ಆ ಸದ್ದು ಬಂತು, ಜೇನುಹುಳದ ಹಿಂಡಿನಂಥದ್ದು. ಪಕ್ಕದ ಮನೆಗೆ ಡಬ್ಬಿ ಬರುತ್ತಿತ್ತು. ಮಾರ್ಥಾ ಅಲುಗಾಡಲಿಲ್ಲ. ಮಹಾನಂದಾ ಅಲುಗಾಡಲಿಲ್ಲ. ಅಪ್ರಮೇಯ ಮಾತ್ರ ತಮಗೇ ಗೊತ್ತಾಗದ ಹಾಗೆ ತಲೆಯನ್ನು ಭುಜದೊಳಕ್ಕೆ ಎಳೆದುಕೊಂಡರು.

ಸದ್ದು ದಾಟಿಹೋಯಿತು. ಅವರು ನೆಟ್ಟಗಾಗಿ ಕಡತವನ್ನು ಜಯವಂತನ ಮೊಣಕಾಲ ಮೇಲಿಟ್ಟರು. ದನಿಯಲ್ಲಿ ನಿಜವಾದ ಕರುಣೆ ಇತ್ತು. ಮಹಾನಂದಾಗೆ ಎಲ್ಲಕ್ಕಿಂತ ಅಸಹ್ಯವೆನಿಸಿದ್ದು ಅದೇ.

"ಯೋಚನೆ ಮಾಡಿ. ನಾಳೆ ಹನ್ನೊಂದರ ತನಕ ಸಮಯ ಇದೆ. ನಿಮ್ಮ ಮನೆಯವರ ಮುಖ ನೋಡಬೇಡ್ವಾ?"

ಜಯವಂತ ಕಡತವನ್ನು ಎರಡೂ ಕೈಯಲ್ಲಿ ಎತ್ತಿದ. ಗಾಳಿಯಲ್ಲಿ ಅವರ ಕಡೆ ಚಾಚಿ ಹಿಡಿದ. ಅವರು ತೆಗೆದುಕೊಳ್ಳಲಿಲ್ಲ. ಅವನು ಬೆರಳು ಬಿಟ್ಟ. ಕಡತ ಪರ್ಸಿ ನೆಲದ ಮೇಲೆ ಪಟ್ಟೆಂದು ಬಿತ್ತು.

"ಒಲ್ಲೆ."